ಚಪ್ಪೆ ರೋಗದ ಸೂಜಿ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಕುಂದೂರಿನ ಹತ್ತಿರದ ಹಳ್ಳಿಯೊಂದರಲ್ಲಿ ದನಗಳಿಗೆ ಚಪ್ಪೆ ರೋಗದ ಲಸಿಕೆ ಹಾಕುತ್ತಿದ್ದೆ. ಶಿವಲಿಂಗಪ್ಪ ಎಂಬ ರೈತ ಮೂರು ಬಡಕಲು ಕರುಗಳನ್ನು ಮಾತ್ರ ಹಿಡಿದು ತಂದ. ಮೈತುಂಬಿದ ಹೋರಿಗರು ಕೊಟ್ಟಿಗೆಯಲ್ಲೇ ಉಳಿದಿತ್ತು.

"ಅದು ಚೆನ್ನಾಗಿ ಮೇಯ್ತಾ ಐತೆ ಕಣ್ರೀ, ಅದಕ್ಯಾಕೆ?" ಎಂದ.

ಈ ರೋಗ ಬರುವುದೇ ಹೆಚ್ಚಾಗಿ ಅಂಥ ಕರುಗಳಿಗೆ ಎಂದೆ. ರೋಗಾಣು ತೊಡೆಯಲ್ಲಿ ಕೂತು ವಿಷ ಬಿಡುತ್ತದೆ, ಆ ವಿಷ ಮಾಂಸವನ್ನೇ ಕೊಳೆಸುತ್ತದೆ ಎಂದೂ ವಿವರಿಸಿದೆ.

"ಈ ಸೂಜಿಯೊಳಗೆ ಏನೈತೆ?"

"ಅದೇ ರೋಗಾಣು, ಅದೇ ವಿಷ. ಕೊಂದು, ಶಕ್ತಿ ತೆಗೆದು ತುಂಬಿರ್ತಾರೆ."

ಅಲ್ಲಿಗೆ ಮಾತು ಕೆಟ್ಟಿತು. "ಸತ್ತಿರೋದನ್ನ ನೀವು ನೋಡಿದೀರಾ?" ಎಂದು ಕೇಳಿದ. ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಅವನ ಹೆಂಡತಿ ಹೋರಿಗರುವನ್ನು ಎಳೆದು ತಂದು ನನ್ನ ಮುಂದೆ ನಿಲ್ಲಿಸಿದಳು. "ಹೋದ ಮಳೆಗಾಲ ನಮ್ಮಪ್ಪನ ಮನೇಲಿ ಇಂಥದ್ದೇ ಒಂದು ಹೊತ್ತಾರೆ ಕುಂಟ್ತಿತ್ತು, ಮಾರನೇ ದಿನ ಹೋಗ್ಬುಡ್ತು. ತೊಡೆ ಒತ್ತಿದ್ರೆ ಒಳಗೆ ಚರಚರ ಅಂತಿತ್ತು. ನೀವು ಚುಚ್ಚಿ ಸ್ವಾಮಿ" ಎಂದಳು.

ಶಿವಲಿಂಗಪ್ಪ ಕರುವಿನ ಕೊರಳು ಹಿಡಿದುಕೊಂಡ.

ಆ ಮಳೆಗಾಲ ಪಕ್ಕದ ಕೇರಿಯಲ್ಲಿ ಸೂಜಿ ಹಾಕಿಸದ ಎರಡು ಕರು ಚಪ್ಪೆ ರೋಗದಿಂದ ಸತ್ತವು. ಅವನ ಮನೆಯಲ್ಲಿ ಒಂದೂ ಸಾಯಲಿಲ್ಲ. ಆಮೇಲೆ ಸೂಜಿಯೊಳಗೆ ಏನಿದೆ ಎಂದು ಯಾರು ಕೇಳಿದರೂ ನಾನು "ಔಷಧಿ" ಎಂದಷ್ಟೇ ಹೇಳುತ್ತಿದ್ದೆ.