ಮುಚ್ಚಳದ ಮೇಲಿನ ಕೆಂಪು ತ್ರಿಕೋನ

ಡಿಸೈನಿಗೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ ನನಗೆ ಮೈ ಉರಿಯುತ್ತದೆ. ತುಮಕೂರಿನ ಮಂಡಿಪೇಟೆಯಲ್ಲಿ ತಗಡಿನ ಪೆಟ್ಟಿಗೆ ಅಂಗಡಿ ಇಟ್ಟುಕೊಂಡಿದ್ದವಳು ನಾನು. ಟ್ರಂಕು ಎನ್ನಿ, ಪೆಟ್ಟಿಗೆ ಎನ್ನಿ, ಮದುವೆಯಾದ ಹುಡುಗಿ ಗಂಡನ ಮನೆಗೆ ಹೋಗುವಾಗ ಸೀರೆ ತುಂಬಿಕೊಂಡು ಹೋಗುತ್ತಿದ್ದಳಲ್ಲ, ಅದು. ನಮ್ಮ ಯಜಮಾನರು ತಗಡು ಕತ್ತರಿಸಿ ಬಡಿಯುತ್ತಿದ್ದರು, ನಾನು ಹಿಂದಿನ ಕೋಣೆಯಲ್ಲಿ ಕೂತು ಬಣ್ಣ ಹಚ್ಚುತ್ತಿದ್ದೆ. ಎಪ್ಪತ್ತರ ದಶಕದ ಮೊದಲಲ್ಲೇ ಅವರು ತೀರಿಕೊಂಡರು. ಮೈದುನಂದಿರು ಅಂಗಡಿ ಮಾರಿಬಿಡೋಣ ಎಂದರು. ನಾನು ಬಡಿಯುವುದಕ್ಕೆ ಕೆಲಸದವರನ್ನು ಇಟ್ಟುಕೊಂಡು ಗಲ್ಲಾದ ಹಿಂದೆ ನಾನೇ ಕೂತೆ. ಹೆಂಗಸು ಅಂಗಡಿಯಲ್ಲಿ ಕೂರುವುದೇ ಎಂದು ಬೀದಿಯವರೆಲ್ಲ ಮೂಗು ಮುರಿದರು. ತಮ್ಮ ಮನೆ ಹೆಣ್ಣುಮಕ್ಕಳ ಪೆಟ್ಟಿಗೆಗೆ ಕೊನೆಗೆ ಅವರೇ ನನ್ನ ಅಂಗಡಿಗೆ ಬಂದರು.

ಸ್ಫೂರ್ತಿಯ ವಿಷಯಕ್ಕೆ ಬರುತ್ತೇನೆ. ನನ್ನ ಪೆಟ್ಟಿಗೆಗಳೆಲ್ಲ ಹಸಿರು. ಮುಚ್ಚಳದ ಮಧ್ಯದಲ್ಲಿ ಒಂದು ದೊಡ್ಡ ಕೆಂಪು ತ್ರಿಕೋನ, ಅದರ ಸುತ್ತ ಹಳದಿ ಗೆರೆ. ಆ ಗುರುತು ನೋಡಿದರೆ ಗುಬ್ಬಿಯಲ್ಲಾಗಲಿ ಕುಣಿಗಲ್ಲಿನಲ್ಲಾಗಲಿ ಇದು ಯಾರ ಅಂಗಡಿಯದೆಂದು ಹೇಳುತ್ತಿದ್ದರು. ಕಾಲೇಜಿನ ಮೇಷ್ಟ್ರೊಬ್ಬರು ಅದರಲ್ಲಿ ಬೆಟ್ಟ ಕಂಡರು, ಗೋಪುರ ಕಂಡರು, ಒಂದು ದಿನ ಜ್ವಾಲೆಯನ್ನೂ ಕಂಡರು. ಬೆಟ್ಟವೂ ಇಲ್ಲ, ಬೆಂಕಿಯೂ ಇಲ್ಲ. ನಮ್ಮತ್ತೆ ಒಂದು ದಿನ ಕಸ ಗುಡಿಸುವಾಗ, ತಗಡಿನ ಮೂಲೆ ಕತ್ತರಿಸಿ ಬಿಸಾಕಿದ್ದ ಮೂರುಮೂಲೆಯ ಚೂರೊಂದು ನನ್ನ ಕಾಲ ಹತ್ತಿರ ಬಂತು. ಅದನ್ನು ಎತ್ತಿ ಮುಚ್ಚಳದ ಮೇಲಿಟ್ಟು ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದೆ. ಡಬ್ಬಿಯಲ್ಲಿ ಕೆಂಪು ಬಣ್ಣ ಮಿಕ್ಕಿತ್ತು, ಅದನ್ನೇ ತುಂಬಿದೆ. ಇಷ್ಟೇ ಸ್ಫೂರ್ತಿ. ಇದನ್ನು ಹೇಳಿದ ದಿನ ಮೇಷ್ಟ್ರ ಮುಖ ಸಪ್ಪಗಾಯಿತು. ಆಮೇಲೆ ಅವರು ಅಂಗಡಿಯ ಕಡೆ ತಲೆ ಹಾಕಲಿಲ್ಲ, ಪೀಡೆ ತೊಲಗಿತು ಎಂದುಕೊಂಡೆ.

ಗಿರಾಕಿಗಳ ಸ್ಫೂರ್ತಿ ಇನ್ನೊಂದು ಥರ. ಪೇಪರಿನಲ್ಲಿ ಬಂದದ್ದೆಲ್ಲ ಅವರಿಗೆ ಪೆಟ್ಟಿಗೆಯ ಮೇಲೆ ಬರಬೇಕು. ಯುದ್ಧ ಗೆದ್ದ ವರ್ಷ ಟ್ಯಾಂಕು ಬರೆದುಕೊಡಿ ಎಂದರು. ಮದುವೆ ಹೆಣ್ಣಿಗೆ ಟ್ಯಾಂಕು, ಅತ್ತೆ ಮನೆಯ ಮೇಲೆ ದಂಡೆತ್ತಿ ಹೋಗುವುದಕ್ಕೆ. ಉಪಗ್ರಹ ಹಾರಿಸಿದ ವರ್ಷ ಉಪಗ್ರಹ ಬೇಕೆಂದರು. ಅದು ಹೇಗಿರುತ್ತದೆ ಎಂದು ಕೇಳಿದರೆ, "ದುಂಡಗಿರ್ತದೆ, ಅಲ್ಲಲ್ಲಿ ಕಡ್ಡಿ ಚುಚ್ಚಿರ್ತಾರೆ" ಎಂದರು. ಕುಣಿಗಲ್ಲಿನವನೊಬ್ಬ ಕುದುರೆ ಬೇಕೆಂದ. ಆ ಊರಿನಲ್ಲಿ ಕುದುರೆ ಸಾಕುತ್ತಾರೆ, ಅದಕ್ಕಾದರೂ ಒಂದು ಅರ್ಥವಿದೆ. ಆದರೆ ಕುದುರೆಯ ಮೇಲೆ ಮಂತ್ರಿಯೊಬ್ಬರನ್ನು ಕೂರಿಸಬೇಕಂತೆ. "ಇವತ್ತಿನ ಪೇಪರು ನಾಳೆ ಬೋಂಡಾ ಕಟ್ಟೋಕೆ ಹೋಗುತ್ತೆ ಕಣಪ್ಪ" ಎಂದೆ. "ಪೆಟ್ಟಿಗೆ ನಿನ್ನ ಮೊಮ್ಮಗಳ ಕಾಲಕ್ಕೂ ಇರುತ್ತೆ. ಆ ಮಂತ್ರಿ ಇರ್ತಾನಾ?" ಅವನು ಗೊಣಗಿಕೊಂಡು ಎದುರಂಗಡಿಗೆ ಹೋದ. ಅಲ್ಲಿ ಕೂರಿಸಿಕೊಟ್ಟರಂತೆ, ಮಂತ್ರಿಗಿಂತ ಕುದುರೆಯ ಮುಖದಲ್ಲೇ ಹೆಚ್ಚು ಕಳೆ ಇತ್ತೆಂದು ಕೇಳಿದೆ.

ನಾನು ಸುದ್ದಿಯ ಹತ್ತಿರ ಹೋಗದಿದ್ದರೆ ಏನಾಯಿತು, ಸುದ್ದಿಯೇ ನನ್ನ ಅಂಗಡಿಗೆ ಬಂತು. ಎಮರ್ಜೆನ್ಸಿಯ ಕಾಲ. ಕುಟುಂಬ ಯೋಜನೆಯ ಕೆಂಪು ತ್ರಿಕೋನ ಅದಕ್ಕೆ ಮೊದಲೂ ಆಸ್ಪತ್ರೆಯ ಗೋಡೆಯ ಮೇಲೆ ಇತ್ತು, ಯಾರೂ ಅದನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಈಗ ಸ್ಕೂಲಿನ ಮೇಲೆ, ಬಸ್ ಸ್ಟ್ಯಾಂಡಿನ ಮೇಲೆ, ಬಾವಿ ಕಟ್ಟೆಯ ಮೇಲೆ, ಎಲ್ಲೆಲ್ಲೂ ತುದಿ ಕೆಳಗೆ ಮಾಡಿದ ಕೆಂಪು ತ್ರಿಕೋನ. ಜೀಪಿನ ಸದ್ದು ಕೇಳಿದರೆ ಹಳ್ಳಿಗಳಲ್ಲಿ ಗಂಡಸರು ರಾಗಿ ಹೊಲಕ್ಕೆ ಓಡುತ್ತಾರೆಂದು ಜನ ಮಾತಾಡುತ್ತಿದ್ದರು. ಆಪರೇಷನ್ ಮಾಡಿಸಿಕೊಂಡವರಿಗೆ ಅದು ಕೊಡುತ್ತಾರೆ, ಇದು ಕೊಡುತ್ತಾರೆ ಎಂಬ ಪುಕಾರು ಬೇರೆ. ನನ್ನ ತ್ರಿಕೋನದ ತುದಿ ಮೇಲಕ್ಕೆ, ಸರ್ಕಾರದ್ದು ಕೆಳಕ್ಕೆ. ಕಣ್ಣಿದ್ದವರಿಗೆ ಕಾಣುತ್ತದೆ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಆಗಲೇ ಬೆಳ್ಳಾವಿ ಕಡೆಯ ರೈತನೊಬ್ಬ ಮಗಳನ್ನು ಕರೆದುಕೊಂಡು ಬಂದ. ಗುಬ್ಬಿ ಹತ್ತಿರದ ಒಂದು ಹಳ್ಳಿಗೆ ಅವಳನ್ನು ಕೊಡುತ್ತಿದ್ದರು. ಹುಡುಗಿಗೆ ಮಾತು ಕಡಿಮೆ. ಅಂಗಡಿಯಲ್ಲಿದ್ದ ಪೆಟ್ಟಿಗೆಗಳನ್ನೆಲ್ಲ ಮಡಕೆ ತಟ್ಟಿ ನೋಡುವ ಹಾಗೆ ತಟ್ಟಿ ನೋಡಿದಳು. ಎದುರಂಗಡಿಯಲ್ಲಿ ಹೂವಿನ ಚಿತ್ರದ್ದು ಇದೆಯಲ್ಲ ಎಂದ ಅಪ್ಪ. "ಹೂವು ಎಲ್ಲಾರ್ದ್ರಲ್ಲೂ ಇರ್ತದೆ ಕಣಪ್ಪ. ನಂಗೆ ಇದೇ ಇರ್ಲಿ" ಎಂದಳು. ನಾನು ಯಾವ ಗಿರಾಕಿಯನ್ನೂ ಸುಲಭವಾಗಿ ಮೆಚ್ಚುವವಳಲ್ಲ. ಆ ಹುಡುಗಿಯನ್ನು ಮೆಚ್ಚಿದೆ.

ಮದುವೆಯಾಗಿ ಸ್ವಲ್ಪ ದಿನಕ್ಕೆ ಅದೇ ರೈತ ಅದೇ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದ. ಹಿಂದೆಯೇ ಮಗಳು.

"ವಾಪಸ್ ಕಳ್ಸವ್ರೆ ಅಮ್ಮ" ಎಂದ. ಪೆಟ್ಟಿಗೆಯನ್ನೋ ಮಗಳನ್ನೋ ಎಂದು ನಾನು ಕೇಳಬೇಕಾಗಲಿಲ್ಲ.

ನಡೆದದ್ದು ಇಷ್ಟು. ಸೊಸೆ ತಂದ ಸೀರೆ ತೋರಿಸಲೆಂದು ಅತ್ತೆ ನೆಂಟರ ಮುಂದೆ ಪೆಟ್ಟಿಗೆ ತೆಗೆದಿದ್ದಾಳೆ. ಪೆಟ್ಟಿಗೆ ಮುಚ್ಚಿದ್ದಾಗ ನನ್ನ ತ್ರಿಕೋನದ ತುದಿ ಹಿಂದಿನ ಕೀಲಿನ ಕಡೆಗಿರುತ್ತದೆ, ಎದುರು ನಿಂತವರಿಗೆ ಅದು ಮೇಲಕ್ಕೆ. ಮುಚ್ಚಳ ಎತ್ತಿ ನಿಲ್ಲಿಸಿದರೆ ಕೀಲು ಕೆಳಗಾಗುತ್ತದೆ, ಹಿಂದೆ ನಿಂತವರಿಗೆ ಅದೇ ತುದಿ ಕೆಳಕ್ಕೆ ಕಾಣುತ್ತದೆ. ಹಿಂದೆ ನಿಂತಿದ್ದ ನೆಂಟರಿಗೆ ಬಸ್ ಸ್ಟ್ಯಾಂಡಿನ ಗೋಡೆಯೇ ಮನೆಯೊಳಗೆ ಬಂದ ಹಾಗಾಯಿತು. ಆಪರೇಷನ್ ಮಾಡಿಸಿಕೊಂಡವರಿಗೆ ಕ್ಯಾಂಪಿನಲ್ಲಿ ಕೊಡುವ ಪೆಟ್ಟಿಗೆ ಇದು ಎಂದು ಯಾರೋ ಒಬ್ಬರು ಹೇಳಿದರು. ಹಾಗಾದರೆ ಮಾಡಿಸಿಕೊಂಡವರು ಯಾರು ಎಂದು ಇನ್ನೊಬ್ಬರು ಕೇಳಿದರು. ಎಲ್ಲರ ಕಣ್ಣೂ ಹುಡುಗಿಯ ಮೇಲೆ. ಮಕ್ಕಳಾಗದವಳನ್ನು ನಮ್ಮ ತಲೆಗೆ ಕಟ್ಟಿದರಲ್ಲಪ್ಪ ಎಂದು ಅತ್ತೆ ಎದೆ ಬಡಿದುಕೊಂಡಳಂತೆ. ಗಂಡನೆಂಬ ಮಹಾಶಯ ಎಲೆ ಅಡಿಕೆ ಹಾಕಿಕೊಂಡು ಜಗಲಿಯ ಮೇಲೆ ಕೂತಿದ್ದನಂತೆ. ಬಾಯಿ ತುಂಬಿದ್ದಕ್ಕೆ ಮಾತು ಬರಲಿಲ್ಲವೋ ಏನೋ.

"ಇದನ್ನ ಬಳಿದ್ಬುಡಿ ಅಮ್ಮ, ನಾನು ಕರ್ಕೊಂಡೋಗಿ ಬುಟ್ಟು ಬತ್ತೀನಿ" ಎಂದ ತಂದೆ.

"ಈಗ ಬಳಿದು ಕಳ್ಸಿದ್ರೆ, ತಪ್ಪು ಮುಚ್ಚಾಕಿದ್ರು ಅಂತಾರೆ. ನಡೀರಿ, ನಾನೇ ಬರ್ತೀನಿ" ಎಂದೆ. ಬೇಕಾದರೆ ಇರಲಿ ಎಂದು ಹಸಿರು ಬಣ್ಣದ ಡಬ್ಬಿ, ಕುಂಚ, ಉಜ್ಜುವ ಉಪ್ಪುಕಾಗದ ಚೀಲಕ್ಕೆ ಹಾಕಿಕೊಂಡು, ಬುರ್ಖಾ ತೊಟ್ಟು ಗುಬ್ಬಿ ಬಸ್ಸು ಹತ್ತಿದೆ. ಹುಡುಗಿ ನನ್ನ ಪಕ್ಕ ಕೂತಳು. "ನಂಗೆ ಆ ಮನೇನೇ ಬೇಕು ಅಂತೇನಿಲ್ಲ" ಎಂದಳು. "ಆದ್ರೆ ನಾನು ಹಿಂಗೆ ವಾಪಸ್ ಬಂದ್ರೆ ನನ್ ತಂಗೀರ್ನ ಯಾರೂ ಮಾಡ್ಕಳಲ್ಲ." ದಾರಿಯುದ್ದಕ್ಕೂ ಅವಳು ಆಡಿದ್ದು ಅಷ್ಟೇ.

"ನಿಮ್ದೇನ್ ಬೂಬಮ್ಮ ಇಲ್ಲಿ?" ಎಂದು ಅತ್ತೆ ಬಾಗಿಲಲ್ಲೇ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. ಪೆಟ್ಟಿಗೆ ನಂದು, ಬಣ್ಣ ನಂದು, ತ್ರಿಕೋನ ನಂದು ಎಂದೆ. ಅಂಗಳದಲ್ಲಿ ಪೆಟ್ಟಿಗೆ ಇಡಿಸಿ, ಮುಚ್ಚಿ ತೋರಿಸಿದೆ, ತೆಗೆದು ತೋರಿಸಿದೆ, ಮುಂದೆ ನಿಂತವರನ್ನು ಹಿಂದೆ ನಿಲ್ಲಿಸಿ ಮತ್ತೆ ತೋರಿಸಿದೆ. ಎಮ್ಮೆಗಳಿಗೆ ಹೇಳಿದ್ದರೆ ತಲೆಯಾದರೂ ಆಡಿಸುತ್ತಿದ್ದವು. ಊರಿನ ಹಿರಿಯರು ಎನ್ನಿಸಿಕೊಂಡವರು ಗಡ್ಡ ಕೆರೆದುಕೊಂಡು, ಗೋಡೆ ಮೇಲಿರೋದು ಇದೇ ಅಲ್ವಾ ಎಂದು ಹೇಳಿದ್ದನ್ನೇ ಹೇಳಿದರು.

ಅಷ್ಟರಲ್ಲಿ ತೆರೆದ ಬಾಗಿಲಿನೊಳಗೆ, ಹಾಸಿಗೆ ಸುರುಳಿ ಹೇರಿದ್ದ ಇನ್ನೊಂದು ಹಸಿರು ಪೆಟ್ಟಿಗೆ ಗೋಡೆಗೆ ಒರಗಿಕೊಂಡಿದ್ದು ಕಂಡಿತು. ನನ್ನ ಅಂಗಡಿಯ ಮೂಲೆಪಟ್ಟಿ ನನಗೆ ಗೊತ್ತಾಗುವುದಿಲ್ಲವೇ. "ಅದು ಯಾರದು?" ಎಂದೆ. ದೊಡ್ಡ ಸೊಸೆಯದು ಎಂದರು. ದೊಡ್ಡ ಸೊಸೆ ಯಾರನ್ನೂ ಕೇಳದೆ ತಾನೇ ಹೋಗಿ ಹಾಸಿಗೆ ಇಳಿಸಿ, ಪೆಟ್ಟಿಗೆಯನ್ನು ಅಂಗಳಕ್ಕೆ ಎಳೆದು ತಂದಳು. ಮುಚ್ಚಳದ ಮೇಲೆ ಅದೇ ಕೆಂಪು ತ್ರಿಕೋನ, ಅದೇ ಹಳದಿ ಗೆರೆ. ಅವಳ ಮಕ್ಕಳು ಅಂಗಳದ ತುಂಬ ಇದ್ದವು. ಒಂದು ಸೊಂಟದ ಮೇಲೆ, ಒಂದು ಸೆರಗು ಹಿಡಿದು, ಉಳಿದವು ಕೋಳಿಯ ಹಿಂದೆ.

"ಇವಳ ತೌರಿನೋರೂ ನನ್ ಹತ್ರಾನೇ ತಗೊಂಡಿದ್ದು. ಇದು ಆಪರೇಷನ್ ಪೆಟ್ಟಿಗೆ ಆದ್ರೆ ಈ ಮಕ್ಕಳೆಲ್ಲ ಎಲ್ಲಿಂದ ಬಂದ್ವು, ನೀವೇ ಹೇಳಿ" ಎಂದೆ.

ಮೊದಲು ನಕ್ಕವಳು ದೊಡ್ಡ ಸೊಸೆ, ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು. ಆಮೇಲೆ ಅಂಗಳವೆಲ್ಲ ನಕ್ಕಿತು. ಹಿರಿಯರು ಒಬ್ಬೊಬ್ಬರಾಗಿ ಕೆಮ್ಮಿಕೊಂಡು ಎದ್ದರು. ಗೆದ್ದೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

"ನೀವೇಳೋದು ಸರಿ ಇರ್ಬೋದು" ಎಂದಳು ಅತ್ತೆ. "ಊರೋರ ಬಾಯಿಗೆ ಬೀಗ ಹಾಕೋಕಾಯ್ತದಾ? ಅದನ್ನ ಬಳಿದ್ಬುಡಿ. ಬಳಿದ್ರೆ ಹೆಣ್ಣು ಒಳೀಕೆ ಬರ್ಲಿ, ಇಲ್ದಿದ್ರೆ ಬಂದ ದಾರೀಲೇ ಹೋಗ್ಲಿ."

ತಪ್ಪಿಲ್ಲವೆಂದು ಗೊತ್ತಾದ ಮೇಲೂ ಈ ಮಾತು. ಡಬ್ಬಿ ಎತ್ತಿ ಅವಳ ತಲೆಯ ಮೇಲೆ ಸುರಿಯಬೇಕೆನ್ನಿಸಿತು. ಹುಡುಗಿಯ ಕಡೆ ನೋಡಿದೆ. ಹೊಸಿಲಿನ ಹೊರಗೆ, ಅಪ್ಪನ ಪಕ್ಕ ನಿಂತಿದ್ದಳು. "ಬಳೀರಿ ಅಮ್ಮ" ಎಂದಳು.

ಹಳೆಯ ಬಣ್ಣದ ಮೇಲೆ ಹೊಸದನ್ನು ಬಳಿಯುವ ಮೊದಲು ಉಪ್ಪುಕಾಗದದಲ್ಲಿ ಚೆನ್ನಾಗಿ ಉಜ್ಜಬೇಕು. ಇಲ್ಲದಿದ್ದರೆ ಅದು ಕಚ್ಚಿಕೊಳ್ಳುವುದಿಲ್ಲ, ಒಂದಲ್ಲ ಒಂದು ದಿನ ಏಳುತ್ತದೆ. ಉಪ್ಪುಕಾಗದ ಚೀಲದಲ್ಲೇ ಇತ್ತು. ನಾನು ತೆಗೆಯಲಿಲ್ಲ. ಹಾಗೇ ಬಳಿದೆ. ಬದುಕಿನಲ್ಲಿ ಬೇಕೆಂದೇ ಕೆಲಸ ಕೆಡಿಸಿದ್ದು ಅವತ್ತೇ, ಅದಕ್ಕೆ ನನಗೆ ಇವತ್ತಿಗೂ ಸಂತೋಷವಿದೆ. "ಈಗ್ ನೋಡು, ಎಷ್ಟ್ ಲಕ್ಷಣವಾಗೈತೆ" ಎಂದು ಅತ್ತೆ ಮೆಚ್ಚಿಕೊಂಡಳು. ದೊಡ್ಡ ಸೊಸೆಯದಕ್ಕೂ ಒಂದು ಕೈ ಬಳಿದುಬಿಡಿ ಎಂದಳು. ಅದನ್ನೂ ಉಜ್ಜದೆ ಬಳಿದೆ. ಹುಡುಗಿ ಒಳಗೆ ಹೋದಳು, ಅವಳಪ್ಪ ಅಲ್ಲೇ ಉಳಿದ, ನಾನು ಒಬ್ಬಳೇ ಬಸ್ಸಿಗೆ ಬಂದೆ.

ಎಮರ್ಜೆನ್ಸಿ ಹೋಯಿತು. ಗೋಡೆಗಳಿಗೆ ಸುಣ್ಣ ಬಿತ್ತು, ಅದರ ಮೇಲೆ ಓಟಿನ ಗುರುತುಗಳು ಬಂದವು, ನಿನ್ನೆ ಬೈದವರು ಇಂದು ಹಾರ ಹಾಕಿದರು. ಅಂಗಡಿ ಬೀದಿಯವರು ಡಿಸೈನು ಬದಲಾಯಿಸಿ ಅಮ್ಮ ಎಂದು ನನಗೆ ಬುದ್ಧಿ ಹೇಳಿದರು. ಕಸದಿಂದ ಎತ್ತಿದ ನನ್ನ ತ್ರಿಕೋನ ಇವರೆಲ್ಲರಿಗಿಂತ ಮರ್ಯಾದಸ್ತ. ನಾನು ಬದಲಾಯಿಸಲಿಲ್ಲ.

ನಮ್ಮ ದೇಶದವನೊಬ್ಬ ಅಂತರಿಕ್ಷಕ್ಕೆ ಹೋಗಿ ಬಂದ ವರ್ಷ ಎಲ್ಲರಿಗೂ ರಾಕೆಟ್ ಬೇಕಾಗಿತ್ತು. ಒಂದು ಬೆಳಿಗ್ಗೆ ಹಾಗೆ ರಾಕೆಟ್ ಕೇಳಿಕೊಂಡು ಬಂದವನನ್ನು ನಾನು ಬೈಯುತ್ತಿದ್ದಾಗ, ಜಟಕಾದಿಂದ ಒಬ್ಬಳು ಪೆಟ್ಟಿಗೆ ಇಳಿಸಿಕೊಂಡಳು. ಮೈ ತುಂಬಿಕೊಂಡಿದ್ದಳು, ಸೊಂಟದಲ್ಲಿ ಬೀಗದ ಕೈ ಗೊಂಚಲು. ಪೆಟ್ಟಿಗೆಯನ್ನು ಮಡಕೆ ತಟ್ಟಿದ ಹಾಗೆ ತಟ್ಟಿದಾಗ ಗುರುತು ಸಿಕ್ಕಿತು.

ಅವಳು ಮುಚ್ಚಳದ ನಡುವೆ ಎದ್ದಿದ್ದ ಹಸಿರು ಬಣ್ಣಕ್ಕೆ ಉಗುರು ಕೊಟ್ಟು ಎಳೆದಳು. ಹಪ್ಪಳದ ಹಾಗೆ ಎದ್ದು ಬಂತು. ಕೆಳಗಿನ ಕೆಂಪು ಬಣ್ಣ, ಬಿಸಿಲೇ ಕಾಣದೆ, ಹೊಸದಾಗಿಯೇ ಇತ್ತು.

"ಮನೇಲೇ ಕೀಳ್ಬೋದಿತ್ತಲ್ಲ?" ಎಂದೆ.

"ನಿಮ್ ಮುಂದೇನೇ ಕೀಳ್ಬೇಕು ಅಂತ ಇಟ್ಕಂಡಿದ್ದೆ. ನಮ್ಮಪ್ಪ ಎತ್ತಿನ ಗಾಡಿಗೆ ಬಣ್ಣ ಹೊಡೆಯೋವಾಗ ಮೊದ್ಲು ಉಜ್ಜೋರು. ಅವತ್ತು ನೀವು ಉಜ್ಜಲಿಲ್ಲ."

ನಾನೂ ಕೆಳಗೆ ಕೂತು ಉಗುರು ಹಾಕಿದೆ. ಇಬ್ಬರೂ ಸೇರಿ ಪೂರ್ತಿ ಕಿತ್ತೆವು. ಆಮೇಲೆ ಅವಳು ಪೆಟ್ಟಿಗೆಯನ್ನು ತಿರುಗಿಸಿ, ಬೆನ್ನು ಬೀದಿಗೆ ಮಾಡಿ, ಮುಚ್ಚಳ ಎತ್ತಿ ನಿಲ್ಲಿಸಿದಳು. ತ್ರಿಕೋನದ ತುದಿ ಕೆಳಕ್ಕೆ ಬಂತು. ಹೋಗುವವರು ಬರುವವರೆಲ್ಲ ನೋಡಿದರು.

"ಇದೇನು, ಫ್ಯಾಮಿಲಿ ಪ್ಲಾನಿಂಗಾ?" ಎಂದ ರಾಕೆಟ್ಟಿನವನು.

ಅವಳು ಅವನ ಕಡೆ ತಿರುಗಲೂ ಇಲ್ಲ. ನನಗೆ ಹೇಳಿದಳು, ಬೀದಿಗೆ ಕೇಳುವ ಹಾಗೆ. "ಎಲ್ಡು ಮಕ್ಕಳಾದ್ವು ಅಮ್ಮ. ಸಾಕು, ತೋಟ ಚೂರಾಯ್ತದೆ ಅಂತ ನಮ್ಮತ್ತೇನೇ ಆಸ್ಪತ್ರೆಗೆ ಕರ್ಕಂಡೋಗಿ ಆಪರೇಷನ್ ಮಾಡ್ಸಿದ್ರು. ನಂಗೂ ಸಾಕಾಗಿತ್ತು, ಹೋದೆ. ಬರೋ ದಾರೀಲಿ ಬಸ್ ಸ್ಟ್ಯಾಂಡಲ್ಲಿ ಗೋಡೆ ಮೇಲೆ ಮತ್ತೆ ಇದೇ ತ್ರಿಕೋನ ಬರ್ದಿದ್ರು. ಅದಕ್ಕೇ ಒರಗಿಕೊಂಡು ಕೂತಿದ್ರು, ನಮ್ಮತ್ತೆ."