ಹರಿದ ಏಳು ಹಾಳೆ

ವಸು, ಡಾಕ್ಟರರಿಗೆ ನಾನು ಕೊಟ್ಟ ನೋಟ್‌ಬುಕ್ ಸುಳ್ಳು. ಹದಿನಾಲ್ಕು ವರ್ಷವಾಯಿತು — ನಿನ್ನ ಅಪ್ಪನಿಗೂ ಹೇಳಿಲ್ಲ.

ನಿನಗೆ ಆಗ ಒಂಬತ್ತು. ವಾಡಿಯ ಮನೆಯಲ್ಲಿ ನಾನು ಶಾಲೆಯ ಉತ್ತರಪತ್ರಿಕೆ ತಿದ್ದುತ್ತ ಕೂತರೆ ನೀನು ಮಾತಾಡಿಸಬಾರದು. ಅದಕ್ಕೊಂದು ಶೇಂಗಾ ಉಂಡಿ. ಮಗ್ಗಿ ಒಪ್ಪಿಸಿದರೆ ಇನ್ನೊಂದು. ಅತ್ತರೆ — ಅಳು ನಿಲ್ಲಲಿ ಎಂದು — ಮತ್ತೊಂದು. ನಾಲ್ಕು ಮೆಟ್ಟಿಲು ಹತ್ತಿದರೆ ನಿನಗೆ ಏದುಸಿರು ಬರತೊಡಗಿದಾಗ ನಿನ್ನ ಅಜ್ಜಿ, ಟೀಚರಾದ ನನ್ನನ್ನು ಅಣಕಿಸುತ್ತ, ಅಂದರು, "ಯಾಕ ಬಾಯಾರ, ಮಗಳನ್ನ ಸಾಕಾಕತ್ತೀರೋ, ಎಮ್ಮಿ ಸಾಕಾಕತ್ತೀರೋ?" ನಾನು ನಕ್ಕೆ. ನೀನು ನಗಲಿಲ್ಲ, ನಿನ್ನ ಕಣ್ಣು ಉಂಡಿಯ ಡಬ್ಬಿಯ ಕಡೆ ಹೋಯಿತು.

ಚಿತ್ತಾಪುರದ ಡಾಕ್ಟರರು ತೂಕ ನೋಡಿ ಬೈಯಲಿಲ್ಲ. "ಒಂದ್ ವಾರ ಬರದು ತರ್ರಿ ಬಾಯಾರ. ಏನ್ ತಿಂದ್ಳು ಅಂತ ಅಷ್ಟ ಅಲ್ಲ, ತಿನ್ನೂದಕ್ಕ ಮೊದ್ಲ ಮನ್ಯಾಗ ಏನಾಗಿತ್ತು, ಅದನ್ನೂ. ಉಪವಾಸ ಮಾತ್ರ ಕೆಡವಬ್ಯಾಡ್ರಿ."

ನಾನು ನಿಜವನ್ನೇ ಬರೆದೆ. ಎಡಕ್ಕೆ ಏನಾಯಿತು, ಬಲಕ್ಕೆ ನೀನು ತಿಂದದ್ದು. ಏಳನೆಯ ದಿನ ಎಡಗಡೆಯದನ್ನಷ್ಟೇ ಮೇಲಿನಿಂದ ಕೆಳಗೆ ಓದಿಕೊಂಡೆ. ಲೆಕ್ಕ ತಪ್ಪಿದ್ದಕ್ಕೆ ಗದರಿದೆ. ಹಾಲು ಚೆಲ್ಲಿದ್ದಕ್ಕೆ ಹೊಡೆದೆ. ಸುಮ್ಮನಿರು ಎಂದೆ. ಅವಳಪ್ಪನ ಮೇಲೆ ಕೂಗಾಡಿದೆ. ಪ್ರತಿ ಸಾಲಿನಲ್ಲೂ ನಾನೇ — ಉಂಡಿ ಆಮೇಲೆ. ಏಳೂ ಹಾಳೆ ಹರಿದು ಒಲೆಗೆ ಹಾಕಿ ಹೊಸದಾಗಿ ಬರೆದೆ: ಪಕ್ಕದ ಮನೆಯಲ್ಲಿ ತಿನ್ನುತ್ತಾಳೆ, ಶಾಲೆಯ ದಾರಿಯಲ್ಲಿ ತಿನ್ನುತ್ತಾಳೆ.

ಡಾಕ್ಟರರು ನಂಬಿದರು. ಪಕ್ಕದ ಮನೆಗೆ ಕಳಿಸಬೇಡಿ ಎಂದರು. ನೀನು ಕುರ್ಚಿಯ ಅಂಚಿನಲ್ಲಿ ಕೂತು ಎಲ್ಲ ಕೇಳುತ್ತಿದ್ದೆ. ನೀನು ಪಕ್ಕದ ಮನೆಗೆ ಹೋಗುತ್ತಲೇ ಇರಲಿಲ್ಲ.

ನಮ್ಮ ಮನೆಯಲ್ಲಿ ದೊಡ್ಡವರು ಏಕಾದಶಿಗೆ ಅನ್ನ ಮುಟ್ಟುವವರಲ್ಲ. ಮಕ್ಕಳಿಗೆ ಆ ಕಟ್ಟು ಇಲ್ಲ. ನಿನಗೆ ಮಾಡಿಸಿದ್ದು ನಾನು. ಪುಣ್ಯ ಬರಲಿ ಎಂದು ಅಜ್ಜಿಗೆ ಹೇಳಿದೆ. ತೂಕ ಇಳಿಯಲಿ ಎಂಬುದು ಒಳಗಿನ ಮಾತು. ಮೂರನೆಯ ಏಕಾದಶಿಯ ಮಧ್ಯಾಹ್ನ, ಉಗ್ರಾಣದಲ್ಲಿ ಜೋಳದ ಚೀಲದ ಹಿಂದೆ ನಿನ್ನ ಬೆನ್ನು ಕಂಡಿತು.

"ಏನ್ ತಿನ್ನಾಕತ್ತಿ? ತೆಗಿ ಬಾಯಿ" — ಕಿರುಚಿದೆ.

ನೀನು ಬೆಚ್ಚಿ ಉಸಿರೆಳೆದುಕೊಂಡೆ. ಉಂಡಿ ಗಂಟಲಲ್ಲೇ ನಿಂತಿತು. ಕೆಮ್ಮಲೂ ಇಲ್ಲ — ಕಣ್ಣು ಅಷ್ಟು ದೊಡ್ಡದಾಗಿ, ತುಟಿ ನೀಲಿಯಾಗಿ, ಸದ್ದು ಮಾತ್ರ ಇಲ್ಲ. ಆ ಸದ್ದಿಲ್ಲದಿರುವಿಕೆ ನನ್ನನ್ನು ಇನ್ನೂ ಬಿಟ್ಟಿಲ್ಲ. ಬಗ್ಗಿಸಿ ಬೆನ್ನಿಗೆ ಗುದ್ದಿದೆ. ಐದನೆಯ ಗುದ್ದಿಗೆ ಹೊರಬಿತ್ತು.

ಉಸಿರು ಬಂದ ಮೇಲೆ ನೀನು ಅಂದದ್ದು ಒಂದೇ ಮಾತು. "ನೀ ಸಿಟ್ಟಾದ್ರ ನನಗ ಹಸಿವಾಗ್ತದ ಅಮ್ಮಾ."

ನಾನು ಸುಟ್ಟ ಏಳು ಹಾಳೆಯಲ್ಲಿದ್ದದ್ದೆಲ್ಲ ಆ ಒಂದು ಮಾತಿನಲ್ಲಿತ್ತು. ಆಮೇಲೆ ನಾನು ಮಾಡಿದ್ದು — ಏಕಾದಶಿ ಮುರಿದಳೆಂದು ಮನೆಯವರೆಲ್ಲರ ಎದುರು ನಿನ್ನಿಂದ ದೇವರಿಗೆ ತಪ್ಪೊಪ್ಪಿಸಿದೆ. ನನ್ನ ಕಿರುಚಾಟದ ಮಾತು ಎತ್ತಲಿಲ್ಲ.

ಈಗಲೂ, ಸೇಡಂನ ನಿನ್ನದೇ ಮನೆಯಲ್ಲಿ, ನಾನಿದ್ದರೆ ನೀನು ಗೋಡೆಗೆ ಮುಖ ಮಾಡಿ ಉಣ್ಣುತ್ತೀ.

ಮೊನ್ನೆ ನೀನು ಪೇಟೆಗೆ ಹೋಗಿದ್ದಾಗ ನಿನ್ನ ಎರಡು ವರ್ಷದ ಮಗಳು ಅತ್ತಳು. ನಾನು ಪೇಪರು ಓದುತ್ತಿದ್ದೆ. ತಲೆ ಎತ್ತುವ ಮೊದಲೇ ನನ್ನ ಕೈ ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆದಿತ್ತು. ಬಿಸ್ಕತ್ತು ಇನ್ನೂ ಕಂಡಿರಲಿಲ್ಲ. ಮುಚ್ಚಳದ ಸದ್ದಿಗೇ ಮಗು ಅಳು ನಿಲ್ಲಿಸಿ ಕೈ ಚಾಚಿತು. ಹಾಗಾದರೆ ಇದನ್ನು ನಾನು ಮೊದಲೂ ಮಾಡಿದ್ದೇನೆ — ಎಷ್ಟು ಸಲ, ನೆನಪಿಲ್ಲ. ನೆನಪಿಲ್ಲದಿರುವುದೇ ನನ್ನ ಹೆದರಿಕೆ.

ಮುಚ್ಚಳ ಹಾಕಿದೆ. ಮತ್ತೆ ಅತ್ತಳು. ಎತ್ತಿಕೊಂಡು ಕೂತೆ. ಬಹಳ ಹೊತ್ತು ಅತ್ತಳು.

ಹೊಸದೊಂದು ನೋಟ್‌ಬುಕ್ ತಂದಿದ್ದೇನೆ. ಈ ಕಾಗದದ ಜೊತೆ ಅದನ್ನೂ ನಿನ್ನ ಕೈಗೆ ಕೊಡುತ್ತೇನೆ, ನಾನು ನಿನ್ನ ಮನೆಗೆ ಬಂದಾಗಲೆಲ್ಲ ಅದರಲ್ಲಿ ಬರೆಯುತ್ತೇನೆ, ನೀನು ಓದಿ ನೋಡು. ಮೊದಲ ಸಾಲು ಬರೆದಿದ್ದೇನೆ. ಎಡಕ್ಕೆ: ಮಗು ಅತ್ತಿತು, ನಾನು ಡಬ್ಬಿ ತೆಗೆದೆ.