ಬಸುರಿಯ ಗಂಡನ ಗಡ್ಡ

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಚಳ್ಳಕೆರೆಯ ಬಸ್‌ಸ್ಟ್ಯಾಂಡಿಗೆ ಹೋಗುವವರು ಸ್ವಲ್ಪ ನೆಲ ನೋಡಿಕೊಂಡು ನಡೆಯಬೇಕು. ಹಿಂದಿನ ಸಂಜೆ ಅಂಗಡಿಗಳ ಮುಂದೆ ಒಡೆದ ಬೂದುಗುಂಬಳದ ಹೋಳುಗಳು ಅಲ್ಲಲ್ಲಿ ಬಿದ್ದಿರುತ್ತವೆ. ಅವುಗಳ ಮೇಲೆ ಲಾರಿ ಹತ್ತಿ, ಕುಂಕುಮ ನೆನೆದು, ಒಂದು ಥರದ ಹಸಿ ವಾಸನೆ ರಸ್ತೆಯನ್ನೆಲ್ಲ ಹಿಡಿದಿರುತ್ತದೆ. ಮೊನ್ನೆ ಅಂಥದೊಂದು ಹೋಳಿನ ಮೇಲೆ ಕಾಲಿಟ್ಟು ಜಾರಿದೆ. ಬೀಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೂವಿನವಳ ಬುಟ್ಟಿ ಹಿಡಿದುಕೊಂಡು ಬಚಾವಾದೆ, ಅವಳ ಬಾಯಿಗೆ ಸಿಕ್ಕಿದ್ದು ಬೇರೆ ಮಾತು. ಮೊಳಕಾಲ್ಮೂರಿನ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೂ ಚಪ್ಪಲಿಗೆ ಅಂಟಿದ ಆ ವಾಸನೆ ಹೋಗಲಿಲ್ಲ. ಕುಂಬಳಕಾಯಿಯನ್ನು ನಾನು ಮುಟ್ಟಲೂಬಾರದಾಗಿದ್ದ ಒಂದು ವರ್ಷ ನೆನಪಿಗೆ ಬಂತು.

ನಿಮ್ಮ ಕಡೆ ಹೇಗೋ ನನಗೆ ಗೊತ್ತಿಲ್ಲ. ನಮ್ಮ ಮನೆಗಳಲ್ಲಿ ಹೆಂಡತಿ ಬಸುರಿಯಾದರೆ ಗಂಡನಿಗೂ ಒಂದಿಷ್ಟು ಕಟ್ಟುಪಾಡುಗಳು ಶುರುವಾಗುತ್ತವೆ. ಅವನು ಗಡ್ಡ ತೆಗೆಸುವಂತಿಲ್ಲ. ಕುಂಬಳಕಾಯಿ ಒಡೆಯುವಂತಿಲ್ಲ. ಹಸಿ ಮರಕ್ಕೆ ಕೊಡಲಿ ಹಾಕುವಂತಿಲ್ಲ, ಹಾವು ಕಂಡರೆ ಕೋಲು ಎತ್ತುವಂತಿಲ್ಲ, ಹೆಣಕ್ಕೆ ಹೆಗಲು ಕೊಡುವಂತಿಲ್ಲ. ನನ್ನ ಹೆಂಡತಿ ರತ್ನ ವಿಷಯ ತಿಳಿಸಿದ ದಿನವೇ ಅವ್ವ ಇವನ್ನೆಲ್ಲ ನನಗೆ ಒಪ್ಪಿಸಿದಳು. ನಾನು ದೊಡ್ಡದಾಗಿ ನಕ್ಕೆ. ಇವುಗಳಲ್ಲಿ ಬಹಳಷ್ಟನ್ನು ನಾನು ಹುಟ್ಟಿದಾಗಿನಿಂದ ಪಾಲಿಸಿಕೊಂಡೇ ಬಂದಿದ್ದೆ. ಹಾವು ಕಂಡರೆ ಓಡುತ್ತಿದ್ದೆ. ಕೊಡಲಿಯನ್ನು ಯಾವ ಕಡೆಯಿಂದ ಹಿಡಿಯಬೇಕೆಂಬುದೂ ಸರಿಯಾಗಿ ತಿಳಿದಿರಲಿಲ್ಲ. ಅವ್ವನ ಸಮಾಧಾನಕ್ಕೆ ಆಗಲಿ ಎಂದು ರತ್ನಳ ಮುಂದೆ ಉದಾರವಾಗಿ ಹೇಳಿದೆ. ಅವಳು ನನ್ನ ಮುಖ ನೋಡಿ, ಗಡ್ಡ ನಿಮಗೆ ಒಪ್ಪುವುದಿಲ್ಲ, ಅದೊಂದೇ ಕಷ್ಟ, ಎಂದಳು.

ಒಪ್ಪಲಿಲ್ಲ, ನಿಜ. ನನ್ನದು ಕೆನ್ನೆಯ ಮೇಲೆ ಬಾರದೆ ಗದ್ದದ ಕೆಳಗೆ ಮಾತ್ರ ಜೋತುಬೀಳುವ ಗಡ್ಡ. ಮೊಳಕಾಲ್ಮೂರಿನ ನಮ್ಮ ಆಫೀಸಿನಲ್ಲಿ ಮೊದಲ ತಿಂಗಳು ಹರಕೆ ಅಂದುಕೊಂಡರು, ಎರಡನೇ ತಿಂಗಳು ಮನೆಯಲ್ಲಿ ಜಗಳ ಅಂದುಕೊಂಡರು. ಮೂರನೇ ತಿಂಗಳಲ್ಲಿ ಒಬ್ಬ ಮುದುಕಪ್ಪ, ಅರ್ಜಿ ಹಿಡಿದು ಬಾಗಿಲಲ್ಲಿ ನಿಂತಿದ್ದವನು, ಒಳಗೆ ಹೋಗುತ್ತಿದ್ದ ನನ್ನ ತೋಳು ಹಿಡಿದು, ಸಾಲಿನಲ್ಲಿ ಬಾರಪ್ಪ, ನಾವೂ ಬೆಳಗ್ಗಿಂದ ನಿಂತಿದ್ದೇವೆ ಎಂದ. ನಾನು ಇಲ್ಲಿಯ ಗುಮಾಸ್ತ ಎಂದರೆ ಅವನು ನಂಬಲೇ ಇಲ್ಲ. ಕೊನೆಗೆ ಟಪಾಲು ವಿಭಾಗದ ತಿಪ್ಪೇಸ್ವಾಮಿ ಬಂದು, ಇವನು ನಮ್ಮವನೇ, ಬಸುರಿಯ ಗಂಡ, ಎಂದು ಸಾಕ್ಷಿ ಹೇಳಿದ ಮೇಲೆ ಮುದುಕಪ್ಪ ತಕ್ಷಣ ಕೈಬಿಟ್ಟು ಗೌರವದಿಂದ ದಾರಿ ಬಿಟ್ಟ. ನನ್ನ ಸರಕಾರಿ ನೌಕರಿಗೆ ಸಿಗದ ಮರ್ಯಾದೆ ಆ ಗಡ್ಡಕ್ಕೆ ಸಿಕ್ಕಿತು.

ತಿಪ್ಪೇಸ್ವಾಮಿಯ ವಿಷಯ ಹೇಳಬೇಕು. ಬಿ.ಜಿ. ಕೆರೆಯವನು, ನನಗಿಂತ ನಾಲ್ಕಾರು ವರ್ಷ ದೊಡ್ಡವನು, ಗಿಡ್ಡ ಆಳು. ಬಂದ ಕಾಗದ, ಹೋದ ಕಾಗದ ಎರಡಕ್ಕೂ ಸೀಲು ಒತ್ತುವುದು ಅವನ ಕೆಲಸ. ಆಫೀಸಿನ ಎಲ್ಲ ಒರಟು ಕೆಲಸಗಳೂ ಅವನವೇ. ಆಯುಧಪೂಜೆಗೆ ಜೀಪಿನ ಮುಂದೆ ಕುಂಬಳಕಾಯಿ ಒಡೆಯಬೇಕೆಂದರೆ ತಿಪ್ಪೇಸ್ವಾಮಿ. ರೆಕಾರ್ಡ್ ರೂಮಿಗೆ ಹಾವು ಹೊಕ್ಕರೆ ತಿಪ್ಪೇಸ್ವಾಮಿ. ಯಾರದಾದರೂ ಮನೆಯಲ್ಲಿ ಸಾವಾಗಿ ನಾಲ್ಕು ಜನ ಬೇಕಾದರೆ ಮೊದಲು ಫೋನು ಹೋಗುತ್ತಿದ್ದುದೂ ಅವನಿಗೇ. ಅವನಿಗೆ ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಚಿತ್ರದುರ್ಗ, ದಾವಣಗೆರೆ ಎಂದು ಗಂಡಹೆಂಡತಿ ತಿರುಗಿ ಬಂದಿದ್ದರು, ಆಮೇಲೆ ಆ ಮಾತು ಆಡುವುದನ್ನೇ ಬಿಟ್ಟಿದ್ದರು. ಆಫೀಸಿನಲ್ಲಿ ಉಳಿದವರ ಹೆಂಡತಿಯರು ಒಬ್ಬರಾದ ಮೇಲೊಬ್ಬರು ಬಸುರಿಯಾಗುತ್ತಿದ್ದರು, ಗಂಡಂದಿರು ಸರದಿಯಂತೆ ಗಡ್ಡ ಬಿಡುತ್ತಿದ್ದರು. ನಮ್ಮ ಮ್ಯಾನೇಜರ್ ಪ್ರತಿ ಸಲವೂ ಅದೇ ಮಾತು ಹೇಳುತ್ತಿದ್ದರು: "ತಿಪ್ಪೇಸ್ವಾಮಿ ಇದಾನಲ್ಲ, ಅವನಿಗೇನು ಅಡ್ಡಿ?" ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ಅವನೂ ನಗುತ್ತಾ ಎದ್ದು ಪ್ಯಾಂಟು ಮಡಚಿಕೊಳ್ಳುತ್ತಿದ್ದ.

ಇನ್ನೊಬ್ಬಳು ನನ್ನ ಅಜ್ಜಿ, ಅವ್ವನ ತಾಯಿ. ಸಿದ್ದಾಪುರದಲ್ಲಿ ನನ್ನ ಸೋದರಮಾವನ ಮನೆಯಲ್ಲಿದ್ದಳು. ಕನ್ನಡದಲ್ಲಿ ನಮ್ಮೊಂದಿಗೆ ಮಾತಾಡಿ ತೆಲುಗಿನಲ್ಲಿ ಆಡುಗಳನ್ನು ಬೈಯುವ ಹೆಂಗಸು. ಆಡುಗಳಿಗೆ ಕನ್ನಡ ಬರುವುದಿಲ್ಲವೇ ಎಂದು ಕೇಳಿದರೆ, ಬರುತ್ತದೆ, ಆದರೆ ನಾಟುವುದಿಲ್ಲ, ಎನ್ನುತ್ತಿದ್ದಳು. ದೂರದೂರಿಂದ ಜನ ಬಂದು ನೋಡುವ, ಹಳೆಯ ಶಾಸನ ಕೆತ್ತಿದ ಅಕ್ಷರದ ಬಂಡೆಯ ಕಡೆಗೂ ಅವಳ ಆಡುಗಳು ಮೇಯಲು ಹೋಗುತ್ತಿದ್ದವು. ಅಷ್ಟು ಹಳೆಯ ಅಕ್ಷರಗಳ ಬಗ್ಗೆ ಅವಳಿಗಿದ್ದ ಅಭಿಪ್ರಾಯವೆಂದರೆ, ಮೇಯುವ ಹೊತ್ತಿನಲ್ಲಿ ಅಲ್ಲಿ ಒಳ್ಳೆಯ ನೆರಳು ಬೀಳುತ್ತದೆ ಎಂಬುದೊಂದೇ.

ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಮನೆಯಲ್ಲಿ ಎಲ್ಲರಿಗಿಂತ ಎತ್ತರವಾಗಿಬಿಟ್ಟಿದ್ದೆ. ಆಗಿನಿಂದ ಅಜ್ಜಿ ನನ್ನ ಹೆಗಲನ್ನು ತನ್ನ ಹೆಸರಿಗೆ ಬರೆಸಿಕೊಂಡಂತೆ ಮಾತಾಡುತ್ತಿದ್ದಳು. ಊರಿಗೆ ಹೋದಾಗಲೆಲ್ಲ ಪಕ್ಕದಲ್ಲಿ ನಿಲ್ಲಿಸಿಕೊಂಡು ಹೆಗಲ ಮೇಲೆ ಕೈಯಿಟ್ಟು ಒತ್ತಿ ನೋಡುವಳು. "ನಿನ್ನ ಹೆಗಲ ಮ್ಯಾಲೆ ಹೋದ್ರೆ ದಾರೀಲಿ ಊರೆಲ್ಲ ಕಾಣತೈತೆ ಮಗ ನನಗೆ," ಎನ್ನುವಳು. ಸಾವಿನ ಮಾತನ್ನು ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿಯುವವರ ಹಾಗೆ ಆಡುತ್ತಿದ್ದಳು. ರತ್ನ ಬಸುರಿಯೆಂದು ಹೇಳಲು ಹೋದಾಗ ಬಾಯಿ ತುಂಬ ನಕ್ಕು, ನನ್ನ ಗದ್ದ ಸವರಿ, ಆಮೇಲೆ ಏನೋ ಹೊಳೆದವಳಂತೆ ನನ್ನ ಹೆಗಲ ಕಡೆ ನೋಡಿದಳು. "ಹಂಗಾರೆ ನಾನು ಇನ್ನಷ್ಟು ದಿನ ತಡೀಬೇಕಲ್ಲೋ. ಆಗಲಿ ಬಿಡು, ತಡೀತೀನಿ."

ತಡೆಯುವುದು ಅವಳ ಕೈಯಲ್ಲಿರಲಿಲ್ಲ. ರತ್ನಳಿಗೆ ಏಳು ತಿಂಗಳು ತುಂಬಿದ್ದಾಗ ಒಂದು ಬೆಳಿಗ್ಗೆ ಆಫೀಸಿನಲ್ಲಿದ್ದ ನನಗೆ ಮಾವ ಫೋನು ಮಾಡಿದ. ಅವ್ವ ಆಗಲೇ ಚಳ್ಳಕೆರೆಯಿಂದ ಹೊರಟಿದ್ದಳು. ನಾನು ರಜೆಚೀಟಿ ಬರೆಯಲು ಪೆನ್ನು ಹುಡುಕುತ್ತಿದ್ದರೆ ತಿಪ್ಪೇಸ್ವಾಮಿ ಬೈಕಿನ ಕೀಲಿ ಹಿಡಿದು ನಿಂತಿದ್ದ. ಅವನೇ ನನ್ನನ್ನು ಸಿದ್ದಾಪುರಕ್ಕೆ ಕರೆದೊಯ್ದ.

ಮಾವ, ಅವನ ಇಬ್ಬರು ಮಕ್ಕಳು, ನಾಲ್ಕನೆಯವನು ನಾನು. ಅಜ್ಜಿ ವರ್ಷಗಳಿಂದ ಮಾಡಿಟ್ಟ ಲೆಕ್ಕ ಅದು. ಚಟ್ಟ ಕಟ್ಟಿ ಮುಗಿಸಿ ಎತ್ತಿ ಎಂದಾಗ ನಾನು ಗಡ್ಡವನ್ನೂ ಮರೆತು ನನ್ನ ಮೂಲೆಗೆ ಹೋಗಿ ಬಗ್ಗಿದೆ. ಅಜ್ಜಿಯ ಕಾಲ ಮೇಲೆ ತಲೆಯಿಟ್ಟು ಅಳುತ್ತಿದ್ದ ಅವ್ವ ತಲೆ ಎತ್ತಿದಳು. ತನ್ನ ತಾಯಿ ಸತ್ತ ಹೊತ್ತಿನಲ್ಲೂ ನಾನು ಎಲ್ಲಿ ನಿಂತಿದ್ದೇನೆಂಬುದು ಅವಳ ಕಣ್ಣಿಗೆ ಬಿತ್ತು. "ನೀನು ಅತ್ಲಾಗೆ ನಿಂತ್ಕ," ಎಂದಳು. ಗಟ್ಟಿಯಾಗಿಯೂ ಹೇಳಲಿಲ್ಲ.

ನಾನು ಇಂಥವನ್ನೆಲ್ಲ ನಂಬುವವನಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದವನು. ಅವ್ವನಿಗಾಗಿ ಹಿಂದೆ ಸರಿದೆ ಎಂದು ಆಮೇಲೆ ಬಹಳ ಜನರಿಗೆ ಹೇಳಿದ್ದೂ ಉಂಟು. ನಿಮಗೆ ನಿಜ ಹೇಳುತ್ತೇನೆ: ನನಗೆ ಹೆದರಿಕೆಯಾಯಿತು. ಚಳ್ಳಕೆರೆಯ ಮನೆಯಲ್ಲಿ ಒಬ್ಬಳೇ ಮಗ್ಗುಲಾಗಿ ಮಲಗಿದ್ದ ರತ್ನ ಕಣ್ಣ ಮುಂದೆ ಬಂದಳು. ಅಜ್ಜಿಯ ಮುಖ ನೋಡುವುದಕ್ಕೂ ಆಗಲಿಲ್ಲ. ಬಗ್ಗಿದವನು ಹಾಗೇ ಎದ್ದು ಎರಡು ಹೆಜ್ಜೆ ಹಿಂದೆ ಬಂದೆ. ಚಟ್ಟದ ನಾಲ್ಕನೇ ಮೂಲೆ ಖಾಲಿ ಉಳಿಯಿತು, ಮಾವ ಸುತ್ತಲೂ ನೋಡಿದ.

ತಿಪ್ಪೇಸ್ವಾಮಿ ಬೇಲಿಯ ಹತ್ತಿರ ಚಪ್ಪಲಿ ಬಿಟ್ಟು ಬಂದ. "ಇವನ ಪಾಲಿಂದು ನಾನು ಹೊರ್ತೀನಿ ಏಳ್ರಿ. ನನಗೇನು ಅಡ್ಡಿ ಐತೆ?" ಎಂದ. ಗಿಡ್ಡ ಆಳು ಎಂದೆನಲ್ಲ, ಅವನ ಕಡೆ ಚಟ್ಟ ವಾಲಿತು. ಯಾರೋ ಟವೆಲು ಮಡಚಿ ಅವನ ಹೆಗಲ ಮೇಲೆ ಇಟ್ಟರು, ಸಾಲದೆ ಇನ್ನೊಂದು ಇಟ್ಟರು. ಆಗ ಸಮನಾಯಿತು. ನಾನು ಅವನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹಿಂದೆ ನಡೆದೆ. ಊರೆಲ್ಲ ಕಾಣುವಷ್ಟು ಎತ್ತರದಲ್ಲಿ ಅಜ್ಜಿ ಹೋಗಲಿಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ಮಣ್ಣು ಮಾಡಿ ಬಂದು, ಪಂಪ್‌ಸೆಟ್ಟಿನ ನೀರಿನಲ್ಲಿ ಸ್ನಾನ ಮಾಡಿ, ಒದ್ದೆ ಬನಿಯನ್ನಿನಲ್ಲೇ ಅವನು ಬೈಕು ಹತ್ತಿದ. ಚಳ್ಳಕೆರೆಯ ಬಸ್ಸು ಹತ್ತಲು ನನ್ನನ್ನು ಮೊಳಕಾಲ್ಮೂರಿಗೆ ಬಿಡುವುದಿತ್ತು. ನಾನು ಹಿಂದೆ ಕೂತು ಏನಾದರೂ ಹೇಳಬೇಕೆಂದು ಮಾತು ಹುಡುಕುತ್ತಿದ್ದೆ. ಅವನೇ ಶುರು ಮಾಡಿದ.

"ಇಂಥದಕ್ಕೆಲ್ಲ ನನ್ನ ಕರೀತಾರಲ್ಲ, ಬ್ಯಾಸರ ಇಲ್ಲ ಲೇ. ಆದ್ರೆ ಒಂದ್ಸಲನಾದ್ರೂ, ನನ್ನ ಕೈಲಿ ಆಗಲ್ಲ ಬಿಡ್ರಿ ಅನ್ನಬೇಕು ಅಂತ ಆಸೆ ಐತೆ."

ಕೆಲಸ ಹೆಚ್ಚಾಯಿತೆಂದು ಹೇಳುತ್ತಿದ್ದಾನೆ ಎಂದುಕೊಂಡೆ. ಮುಂದಿನ ಸಲ ನಾವು ಬೇರೆಯವರನ್ನು ಕರೆಯುತ್ತೇವೆ ಎಂದು ಸಮಾಧಾನದ ಮಾತನ್ನೂ ಆಡಿದೆ. ಬೈಕು ಮೊಳಕಾಲ್ಮೂರು ಮುಟ್ಟುವಷ್ಟರಲ್ಲಿ ನನಗೆ ಅರ್ಥವಾಯಿತು. ಆಗ ಏನು ಹೇಳಿದ್ದರೂ ತಪ್ಪಾಗುತ್ತಿತ್ತು. ಇಳಿದು, ಬರ್ತೀನಿ ಎಂದಷ್ಟೇ ಹೇಳಿದೆ.

ಎರಡು ತಿಂಗಳ ಮೇಲೆ ಮಗಳು ಹುಟ್ಟಿದಳು. ಗಡ್ಡ ತೆಗೆಸಿಕೊಂಡೆ, ಕ್ಷೌರದಂಗಡಿಯವನು ಒಳಗಿದ್ದ ಮುಖ ನೋಡಿ ನಿರಾಶೆಗೊಂಡಂತೆ ಕಂಡ. ಮಗಳು ಈಗ ಶಾಲೆಗೆ ಹೋಗುತ್ತಾಳೆ. ರಜೆಯಲ್ಲಿ ಒಮ್ಮೊಮ್ಮೆ ಆಫೀಸಿಗೆ ಬಂದರೆ ತಿಪ್ಪೇಸ್ವಾಮಿಯ ಮೇಜಿನ ಪಕ್ಕವೇ ಅವಳ ಜಾಗ. ಅಂಗೈಗೆ ಸೀಲು ಒತ್ತಿಸಿಕೊಂಡು, ಕಳಿಸಲಾಗಿದೆ ಎಂಬ ನೇರಳೆ ಅಕ್ಷರಗಳೊಂದಿಗೆ ಮನೆಗೆ ಬರುತ್ತಾಳೆ. ಮುಂದಿನ ಸಲ ಬೇರೆಯವರನ್ನು ಕರೆಯುತ್ತೇವೆ ಎಂದಿದ್ದೆನಲ್ಲ, ನಾವು ಕರೆಯಲಿಲ್ಲ. ಅಭ್ಯಾಸ ಎಂಬುದು ಹಾಗೆ. ಕುಂಬಳಕಾಯಿ, ಹಾವು, ಹೆಗಲು ಎಲ್ಲವೂ ಅವನ ಪಾಲಿಗೇ ಹೋಗುತ್ತಿದ್ದವು, ಅವನೂ ನಗುತ್ತಲೇ ಏಳುತ್ತಿದ್ದ.

ಹೀಗೆಲ್ಲ ನೆನೆಯುತ್ತಾ ಮೊನ್ನೆ ಆಫೀಸು ತಲುಪಿದೆ. ಗೇಟಿನ ಬೇವಿನ ಮರದ ಒಂದು ದಪ್ಪ ಕೊಂಬೆ ಹಿಂದಿನ ದಿನದ ಗಾಳಿಗೆ ಸೀಳಿ, ತಗಡಿನ ಶೆಡ್ಡಿನ ಮೇಲೆ ಒರಗಿತ್ತು. ಎಲೆ ಇನ್ನೂ ಹಸಿರಾಗಿತ್ತು, ಕೊಂಬೆ ಮರದಿಂದ ಪೂರ್ತಿ ಬಿಟ್ಟಿರಲಿಲ್ಲ. ಕಡಿಯುವವರನ್ನು ಕರೆಸಿದರೆ ನಾಳೆ ಬರುತ್ತೇವೆ ಎಂದರಂತೆ, ಕೆಳಗೆ ಜನ ಓಡಾಡುವ ಜಾಗ. ಪಕ್ಕದ ಮನೆಯಿಂದ ಯಾರೋ ಕೊಡಲಿ, ಏಣಿ ತಂದಿಟ್ಟಿದ್ದರು. ಮ್ಯಾನೇಜರ್ ಹೊರಗೆ ಬಂದು, ಎಂದಿನಂತೆ, ತಿಪ್ಪೇಸ್ವಾಮಿ ಇದಾನಲ್ಲ ಎಂದರು. ಯಾರೋ ಕೊಡಲಿಯನ್ನು ಅವನ ಕಡೆ ಚಾಚಿದರು.

ಅವನು ಕೈ ಚಾಚಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ.

"ಈ ಸಲ ನನ್ನ ಕೈಲಿ ಆಗಲ್ಲ ಬಿಡ್ರಿ ಸಾರ್," ಎಂದ.

ಮೈ ಹುಷಾರಿಲ್ಲವೇ ಎಂದು ಮ್ಯಾನೇಜರ್ ಕೇಳಲು ಬಾಯಿ ತೆರೆದರು. ಆಮೇಲೆ ಅವನ ಮುಖ ನೋಡಿದರು. ಆಗಲೇ ನಾವೆಲ್ಲ ನೋಡಿದ್ದು. ಅವನ ಕೆನ್ನೆಯ ಮೇಲೆ ವಾರಗಳಿಂದ ಬೆಳೆದ ಗಡ್ಡವಿತ್ತು, ಅಲ್ಲಲ್ಲಿ ಬಿಳಿಯ ಕೂದಲು ಸೇರಿಕೊಂಡು. ದಿನವೂ ಎದುರು ಮೇಜಿನಲ್ಲಿ ಕೂರುವ ನಾನೂ ಅದನ್ನು ನೋಡಿರಲಿಲ್ಲ. ಅವನಿಗೆ ಗಡ್ಡ ಬರಬಹುದೆಂದು ನಮಗೆ ಯಾರಿಗೂ ಹೊಳೆದೇ ಇರಲಿಲ್ಲ. ಎಷ್ಟು ತಿಂಗಳು ಎಂದು ಯಾರೂ ಕೇಳಲಿಲ್ಲ. ಇಷ್ಟು ವರ್ಷ ಕಾದದ್ದನ್ನು ಬಾಯಿಬಿಟ್ಟು ಕೇಳಲು ಎಲ್ಲರಿಗೂ ಹೆದರಿಕೆ. ಸಿದ್ದಾಪುರದಲ್ಲಿ ನನಗಾಗಿದ್ದ ಹೆದರಿಕೆಯೇ ಅದು, ಈಗ ಇಡೀ ಆಫೀಸಿಗೆ ಆಗಿತ್ತು. ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿಕೊಂಡರು.

ನಾನು ಹೋಗಿ ಕೊಡಲಿ ಇಸಿದುಕೊಂಡೆ. ಏಣಿ ಹತ್ತಿದೆ. ಮೊದಲ ಏಟು ಕೊಂಬೆಗೆ ಬೀಳದೆ ಶೆಡ್ಡಿಗೆ ಬಿತ್ತು, ಎರಡನೆಯದು ಎಲ್ಲಿಗೂ ಬೀಳಲಿಲ್ಲ. ಕೆಳಗೆ ನಿಂತವರೆಲ್ಲ ನಗಲು ಶುರುಮಾಡಿದರು. ತಿಪ್ಪೇಸ್ವಾಮಿ ಮಾತ್ರ ಗೇಟಿನಾಚೆ, ಎಲೆಯೊಂದೂ ತನ್ನ ಮೇಲೆ ಬೀಳದಷ್ಟು ದೂರದಲ್ಲಿ, ಬಹಳ ಎಚ್ಚರದಿಂದ ನಿಂತಿದ್ದ. ಕಡಿಯುವುದು ಹೇಗೆಂದು ಅವನು ಅಲ್ಲಿಂದಲೇ ಹೇಳಿಕೊಡಬಹುದಿತ್ತು. ಅದನ್ನೂ ಹೇಳಲಿಲ್ಲ.